ಬಾವನ ರಕ್ತನಾಳಕ್ಕೆ ಕೊರಿಯಾದ ಬೇರು

ಇಡೀ ಆಲೂರು ತಾಲ್ಲೂಕಿನ ರಕ್ತನಾಳಗಳನ್ನು ಒಂದೇ ಒಂದು ಬೇರಿನಿಂದ ಮೆತ್ತಗೆ ಮಾಡಿದವನು ನಾನು. ಕೊರಿಯಾ ದೇಶದ ದೊಡ್ಡ ವೈದ್ಯರೊಬ್ಬರು ವಿಮಾನದಲ್ಲಿ ಬಂದು, ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಇಳಿದು, ನನ್ನ ಎರಡೂ ಕೈ ಹಿಡಿದು, "ಸ್ವಾಮಿ, ಜಿನ್ಸೆಂಗ್ ಅಂದರೆ ಏನು ಅಂತ ನಮಗೂ ಸ್ವಲ್ಪ ಹೇಳಿಕೊಡಿ" ಅಂತ ಕೇಳಿಕೊಂಡಿದ್ದರು.

ಸುಳ್ಳು. ಯಾರೂ ಬರಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ವಿಮಾನ ಇಳಿಯುವಷ್ಟು ಜಾಗ ಎಲ್ಲಿದೆ? ಇರುವ ಜಾಗದಲ್ಲಿ ಹಸುಗಳು ಮಲಗಿರುತ್ತವೆ.

ನಿಜ ಏನಪ್ಪ ಅಂದರೆ, ನಾನು ಆಲೂರಿನ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್. ಚೀಟಿ ಬರೆಯೋದು, ಮಾತ್ರೆ ಎಣಿಸಿ ಕೊಡೋದು, ತೋಳಿಗೆ ಬಿ.ಪಿ. ಪಟ್ಟಿ ಸುತ್ತೋದು ನನ್ನ ಕೆಲಸ. ಇಂಥ ಜಾಗದಲ್ಲಿ ನಗು ಬರಿಸುವ ಪ್ರಸಂಗಗಳಿಗೆ ಬರವೇ ಇಲ್ಲ. ಯಾಕಂದರೆ ನಮ್ಮ ಕಡೆ ಜನ ಒಂದು ಕೈಯಲ್ಲಿ ಕಾಯಿಲೆ ಹಿಡಿದು ಬಂದರೆ, ಇನ್ನೊಂದು ಕೈಯಲ್ಲಿ ಅದಕ್ಕೆ ತಾವೇ ಕಂಡುಕೊಂಡ ಮದ್ದನ್ನೂ ಹಿಡಿದುಕೊಂಡೇ ಬರುತ್ತಾರೆ. ಡಾಕ್ಟರು ಬರೀ ತಲೆ ಆಡಿಸಿದರೆ ಸಾಕು ಅವರಿಗೆ.

ಈ ಸಲ ಹಾಗೆ ಬಂದವರು ಹೊರಗಿನವರಲ್ಲ. ನನ್ನ ಅಕ್ಕನ ಗಂಡ, ನಮ್ಮ ಬಾವ. ಬಾವನನ್ನು ಗೋಳು ಹುಯ್ದುಕೊಳ್ಳುವುದು ಬಾಮೈದನಾದವನಿಗೆ ನಮ್ಮಲ್ಲಿ ತಪ್ಪಲ್ಲ, ಹಕ್ಕು. ಅವರ ಮದುವೆ ಊಟದಲ್ಲೇ ಪಾಯಸಕ್ಕೆ ಕರಿಮೆಣಸಿನ ಪುಡಿ ಬೆರೆಸಿ ನಾನು ಆ ಹಕ್ಕನ್ನು ಚಲಾಯಿಸಿದ್ದೆ. ಮುಂದಿನದನ್ನು ಉಪ್ಪು ಖಾರ ಹಚ್ಚದೆ ಹೇಳ್ತೀನಿ. ಹಚ್ಚಿದರೂ ಸ್ವಲ್ಪವೇ.

೧. ಪಟ್ಟಿ ಸಡಿಲ ಕಟ್ಟೋ ಬಾಮೈದ

ಬಾವನಿಗೆ ಕೆ. ಹೊಸಕೋಟೆ ಕಡೆ ಮೂವತ್ತು ಎಕರೆ ಕಾಫಿ ತೋಟ, ಒಂದು ಹಳೇ ಜೀಪು, ಮತ್ತು ನನ್ನ ಅಕ್ಕ ಇದ್ದಾರೆ. ಪ್ರೀತಿಯ ಲೆಕ್ಕದಲ್ಲಿ ಜೀಪು ಮೊದಲು, ಕಾಫಿ ಆಮೇಲೆ, ತಾನು ಕೊನೆಗೆ ಅಂತ ಅಕ್ಕನೇ ಹೇಳುತ್ತಾಳೆ. ಆ ಜೀಪಿನ ಗೇರು ಬೇರೆ ಯಾರ ಕೈಗೂ ಬೀಳೋದಿಲ್ಲ. ಬೇರೆಯವರ ಕೈಗೆ ಬಾವ ಅದನ್ನು ಕೊಟ್ಟಿದ್ದೂ ಇಲ್ಲ.

ಬಾವನ ಲೈಸೆನ್ಸ್ ಮುಗಿಯೋಕೆ ಇನ್ನೊಂದೇ ತಿಂಗಳಿತ್ತು. ಅವರ ವಯಸ್ಸಿಗೆ ಅದನ್ನು ಹೊಸದು ಮಾಡಿಸಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಫಾರಂ ಹಿಡಿದು ಬಂದರು. ನಮ್ಮ ಡಾಕ್ಟ್ರಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆತನದವರು, ಹುಟ್ಟಿ ಬೆಳೆದಿದ್ದು ಸಕಲೇಶಪುರದಲ್ಲೇ. ಮಾತು ಮೆತ್ತಗೆ, ಸಹಿ ಮಾತ್ರ ಗಟ್ಟಿ. ಸುಮ್ಮಸುಮ್ಮನೆ ಪೆನ್ನಿನ ಕ್ಯಾಪು ತೆಗೆಯೋರಲ್ಲ.

ನಾನು ಪಟ್ಟಿ ಸುತ್ತಿದೆ. ಬಾವ ಶುರು ಮಾಡಿದರು. "ನೋಡಿ ಡಾಕ್ಟ್ರಮ್ಮ, ನಮ್ ತೋಟದ ಲೆಕ್ಕ ಬರ್ಯೋ ರೈಟರ್ ಐದಾನಲ್ಲ, ಮೆಣಸು ಒಣಗ್ಸೋ ಅಂದ್ರೆ ಮೋಡ ನೋಡ್ತಾ ನಿಂತ್ಕೋತಾನೆ..."

"ಮಾತಾಡ್ಬೇಡಿ ಗೌಡ್ರೇ. ಮಾತಾಡಿದ್ರೆ ಬಿ.ಪಿ. ಜಾಸ್ತಿ ತೋರಿಸ್ತದೆ."

"ಮಾತಾಡ್ದೇ ಇದ್ರೆ ನಂಗೆ ನಿಜವಾಗ್ಲೂ ಜಾಸ್ತಿ ಆಗ್ತದೆ ಡಾಕ್ಟ್ರಮ್ಮ."

ಮೂರು ಸಲ ನೋಡಿದರು. ಮೂರು ಸಲವೂ ಮೇಲಿನದು ನೂರಾ ಎಪ್ಪತ್ತರ ಆಚೆಯೇ. ಡಾಕ್ಟ್ರಮ್ಮ ಫಾರಂ ಅನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನಿಮ್ಮ ತೋಟದಲ್ಲಿ ನೀರು ಬಿಡೋ ಪೈಪ್ ಉಂಟಲ್ಲ ಗೌಡ್ರೇ, ಹೊಸದಿದ್ದಾಗ ಹೇಗೆ ಬಳುಕ್ತಿತ್ತು? ಬಿಸಿಲಿಗೆ ಬಿದ್ದು ಬಿದ್ದು ಈಗ ಬಿರುಸಾಗಿಲ್ವಾ? ಅದರಲ್ಲಿ ಮೋಟಾರು ಜೋರಾಗಿ ನೀರು ನೂಕಿದ್ರೆ ಎಂತ ಆಗ್ತದೆ?"

"ಎಲ್ಲಾದ್ರೂ ಒಂದ್ಕಡೆ ಒಡೀತದೆ."

"ನಿಮ್ಮ ರಕ್ತನಾಳಾನೂ ಅಷ್ಟೇ. ದಿನಾ ಒಂದು ಮಾತ್ರೆ, ಉಪ್ಪು ಕಮ್ಮಿ, ಸ್ವಲ್ಪ ನಡಿಗೆ. ತಿಂಗಳು ಬಿಟ್ಟು ಬನ್ನಿ. ಇಳಿದಿದ್ರೆ ಸಹಿ."

"ಅಲ್ಲ ಡಾಕ್ಟ್ರಮ್ಮ, ಜೀಪ್ ಓಡ್ಸೋನು ನಾನು. ರಕ್ತನಾಳ ಅಲ್ವಲ್ಲ."

"ನಿಮ್ಮನ್ನ ಓಡಿಸ್ತಿರೋದು ಅದೇ ಅಲ್ವಾ?"

ಬಾವ ಎದ್ದು ಬಂದು ನನ್ನನ್ನು ಮಾತ್ರೆಯ ಬೀರುವಿನ ಹಿಂದಕ್ಕೆ ಎಳೆದುಕೊಂಡು ಹೋದರು. "ಲೋ, ಪಟ್ಟಿ ಕಟ್ಟೋನು ನೀನೇ ತಾನೇ? ಸ್ವಂತ ಬಾವನಿಗೆ ಒಂಚೂರು ಸಡಿಲ ಕಟ್ಟಕ್ಕೆ ಏನ್ಲಾ ಬಂದಿತ್ತು ನಿಂಗೆ ರೋಗ?"

೨. ಕಾಲಿರುವ ಬೇರು

ಬಾವನ ತೋಟದ ಬೇಲಿಯ ಆಚೆ ಒಂದು ಎಸ್ಟೇಟಿದೆ. ಅದರ ಒಡತಿಯೂ ಮಂಗಳೂರು ಕಡೆಯವರೇ, ನಾವೆಲ್ಲ ಬಾಯಮ್ಮ ಅಂತೀವಿ. ಅವರ ತಮ್ಮ ಹಡಗಿನಲ್ಲಿ ಅಡುಗೆ ಮಾಡುವವನು. ಊರೂರು ಸುತ್ತಿ ಬರುವಾಗ ಏನಾದರೊಂದು ತರುತ್ತಾನೆ. ಈ ಸಲ ಕೊರಿಯಾದಿಂದ ಜಿನ್ಸೆಂಗ್ ಬೇರು ತಂದಿದ್ದ. ಎರಡು ಡಬ್ಬಿ. ಬಾಯಮ್ಮ ಎರಡನ್ನೂ ಅಕ್ಕನ ಕೈಗೆ ಕೊಟ್ಟು, "ರಕ್ತನಾಳ ಸಡಿಲ ಮಾಡ್ತದಂತೆ. ಆದ್ರೆ ಡಾಕ್ಟ್ರ ಹತ್ರ ಕೇಳಿಯೇ ತಗೊಳ್ಳಿ" ಅಂದರು.

ಬಾವನ ಕಿವಿಗೆ ಮೊದಲಿನ ಮಾತು ಬಿತ್ತು. ಎರಡನೇ ಮಾತಿನ ಹೊತ್ತಿಗೆ ಅವರು ಆಗಲೇ ನನಗೆ ಫೋನ್ ಹಚ್ಚಿದ್ದರು.

ಭಾನುವಾರ ಹೋದೆ. ಡಬ್ಬಿ ತೆಗೆದು ನೋಡಿದರೆ ಬೇರಿಗೆ ಎರಡು ಕಾಲು, ಎರಡು ಕೈ, ಸಣ್ಣ ಹೊಟ್ಟೆ. ಅಂಗಾತ ಮಲಗಿ ನಿದ್ದೆ ಹೊಡೆಯುವ ಗಂಡಸಿನ ಹಾಗೇ ಇದೆ. ಅಕ್ಕ ನಾಚಿಕೊಂಡು ಅದರ ಮೇಲೆ ಒಂದು ಕರ್ಚೀಫು ಹೊದಿಸಿದಳು.

"ಹೆಂಗ್ ತಗೊಳ್ಳೋದೋ ಇದನ್ನ?" ಬಾವ ಕೇಳಿದರು.

ಜವಾಬ್ದಾರಿ ಇರುವ ಕಾಂಪೌಂಡರ್ ಆಗಿದ್ದರೆ, "ಡಾಕ್ಟ್ರಮ್ಮನ್ನ ಕೇಳ್ದೆ ಮುಟ್ಬೇಡಿ" ಅನ್ನಬೇಕಿತ್ತು. ಅದು ನನಗೂ ಗೊತ್ತಿತ್ತು. ಆದರೆ ಅಷ್ಟರಲ್ಲಿ ಬಾವ ಕಿಟಕಿಯಿಂದ ಹೊರಗೆ ತಲೆ ಹಾಕಿ ಯಾವುದೋ ಆಳಿಗೆ, "ಏಯ್! ಆ ನೆರಳಿನ ಮರದ ಕೊಂಬೆ ನಿಮ್ಮಪ್ಪ ಕಡಿದು ಇಳಿಸ್ತಾನೇನೋ!" ಅಂತ ಕೂಗಿದರು. ಅಕ್ಕ ಎರಡು ಕಿವಿಯನ್ನೂ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ಮೂವತ್ತು ವರ್ಷದಿಂದ ಆ ಕೂಗು ಕೇಳಿದ ಕಿವಿಗಳು ಅವು. ನನ್ನ ನಾಲಿಗೆ ತಾನಾಗಿ ಹೊರಳಿತು.

"ಬಾವ, ಇದಕ್ಕೊಂದು ಪಥ್ಯ ಐತೆ. ದಿನಕ್ಕೆ ಮೂರು ಹೊತ್ತು ಒಂದು ಚೂರು ಕೆನ್ನೆಯೊಳಗೆ ಇಟ್ಕೋಬೇಕು. ಇಟ್ಕೊಂಡ ಮೇಲೆ ಅರ್ಧ ಗಂಟೆ ಮಾತೇ ಆಡಬಾರದು. ಬಾಯಿ ತೆಗೆದ್ರೆ ಬೇರಿನ ಸತ್ವ ಆವಿಯಾಗಿ ಹೋಗ್ಬುಡ್ತದೆ. ಕೊರಿಯಾದೋರು ಅದಕ್ಕೇ ಅಷ್ಟು ಗಂಭೀರವಾಗಿ ಇರೋದು."

ಬಾವ ಅಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಮರುಕ್ಷಣ ಅವರ ಮುಖ ಹಿಂಡಿದ ನಿಂಬೆಹಣ್ಣಾಯಿತು. ಏನೋ ಹೇಳೋಕೆ ಬಾಯಿ ತೆರೆಯಲು ಹೊರಟರು. ನಾನು ಗಡಿಯಾರ ತೋರಿಸಿದೆ. ಬಾಯಿ ಮುಚ್ಚಿದರು. ಅಕ್ಕನೂ ನಾನೂ ಕಾಫಿ ಕುಡಿದು, ಊರ ಸುದ್ದಿಯೆಲ್ಲ ಮಾತಾಡಿದೆವು. ಆ ಮನೆಯಲ್ಲಿ ನನ್ನ ಅಕ್ಕ ಒಂದು ವಾಕ್ಯವನ್ನು ಶುರು ಮಾಡಿ ತಾನೇ ಮುಗಿಸಿದ್ದನ್ನು ನಾನು ಮೊದಲ ಸಲ ಕಂಡೆ.

ಅರ್ಧ ಗಂಟೆ ಕಳೆದು ಒಂದು ನಿಮಿಷಕ್ಕೆ ಬಾವ ಇಡೀ ಮನೆ ಅದುರುವ ಹಾಗೆ ಒಂದೇ ಒಂದು ಮಾತು ಹೇಳಿದರು.

"ಕಹಿ!"

೩. ಕೂಗು ನಿಂತ ತೋಟ

ಬಾವನ ತೋಟದ ಲೈನ್ ಮನೆಗಳಲ್ಲಿರುವ ಆಳುಗಳಿಗೆ ಗಡಿಯಾರ ಬೇಕಿರಲಿಲ್ಲ. ಬಾವನ ಮೊದಲ ಕೂಗಿಗೆ ಏಳೋದು, ಎರಡನೇ ಕೂಗಿಗೆ ತೋಟಕ್ಕೆ ಇಳಿಯೋದು. ಮೂರನೇ ಕೂಗು ಬಂದರೆ ಯಾರದೋ ಗ್ರಹಚಾರ ಕೆಟ್ಟಿತು ಅಂತ. ಪಥ್ಯ ಶುರುವಾದ ಮೇಲೆ ಒಂದು ಬೆಳಿಗ್ಗೆ ಮೊದಲ ಕೂಗೇ ಬರಲಿಲ್ಲ. ಜನ ಎದ್ದು ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರೈಟರ್ ಧೈರ್ಯ ಮಾಡಿ ಮನೆ ಹತ್ತಿರ ಹೋದ. ಬಾವ ಜಗಲಿಯ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದಾರೆ. ಎಡಗೆನ್ನೆ ಊದಿದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ. ಊದಿದ್ದು ಒಳಗೆ ಬೇರಿನ ಚೂರು ಇದ್ದಿದ್ದಕ್ಕೆ. ಸೊಟ್ಟಗಾಗಿದ್ದು ಅದರ ಕಹಿಗೆ. ರೈಟರಿಗೆ ಅದೆಲ್ಲ ಎಲ್ಲಿ ಗೊತ್ತು?

"ಧಣೀ, ಏನಾಯ್ತು?"

ಬಾವ ಕೈಯಲ್ಲಿ ಏನಿಲ್ಲ ಹೋಗೋ ಅಂತ ಸನ್ನೆ ಮಾಡಿದರು. ಅದೂ ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇತ್ತು.

"ಅಯ್ಯಯ್ಯೋ! ಧಣಿಗೆ ಸ್ಟ್ರೋಕ್ ಹೊಡೆದೈತೆ! ಬಾಯಿ ಬಿದ್ದೋಗೈತೆ, ಒಂದು ಕೈ ಮಾತ್ರ ಆಡ್ತೈತೆ!"

ಅಕ್ಕ ಹಿತ್ತಲಲ್ಲಿದ್ದಳು. ಅವಳು ಬರುವಷ್ಟರಲ್ಲಿ ನಾಲ್ಕು ಜನ ಬಾವನನ್ನು ಕುರ್ಚಿ ಸಮೇತ ಎತ್ತಿ ಜೀಪಿನ ಹಿಂಭಾಗಕ್ಕೆ ಹಾಕಿಬಿಟ್ಟಿದ್ದರು. ಸ್ಟಿಯರಿಂಗ್ ಹಿಡಿದವನು ರೈಟರ್. ಆವತ್ತಿನವರೆಗೂ ಆ ಸೀಟಿನ ಮೇಲೆ ಬಾವನ ಹೊರತು ಇನ್ನೊಬ್ಬರು ಕೂತಿರಲಿಲ್ಲ. ಜೀಪು ಮುಗ್ಗರಿಸಿತು, ಕೆಮ್ಮಿತು, ಗೇರು ಹಲ್ಲು ಕಡಿಯಿತು. ಹಿಂದೆ ಬಾವನ ಕಣ್ಣಲ್ಲಿ ನೀರು. "ಪಾಪ, ಧಣಿಗೆ ನೋವಾಗ್ತಾ ಐತೆ" ಅಂತ ಒಬ್ಬಳು ಅಜ್ಜಿ ಅವರ ತಲೆ ನೇವರಿಸುತ್ತಾ ತಾನೂ ಅತ್ತಳು. ಆದರೂ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಪಥ್ಯ ಅಂದರೆ ಪಥ್ಯ.

ನನ್ನ ಅದೃಷ್ಟಕ್ಕೆ ಆವತ್ತು ಡಾಕ್ಟ್ರಮ್ಮ ಹಾಸನಕ್ಕೆ ಹೋಗಿದ್ದರು. ಗದ್ದಲ ಕೇಳಿ ನಾನು ಹೊರಗೆ ಓಡಿ ಬಂದೆ. ಜೀಪು ಕ್ಲಿನಿಕ್ಕಿನ ಗೇಟಿನ ಮುಂದೆ ಕೊನೆಯ ಸಲ ಎಗರಿ ನಿಂತಿತು. ಅದೇ ಹೊತ್ತಿಗೆ ಬಾವ ಕೈಗಡಿಯಾರ ನೋಡಿಕೊಂಡರು, ಬೇರನ್ನು ಉಗಿದರು, ಎದ್ದು ನಿಂತರು.

"ಕ್ಲಚ್ ಬಿಡೋ ಮೂದೇವಿ! ಸುಟ್ಟೋಗ್ತದೆ!"

ಅಜ್ಜಿ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದಳು. "ಬಂತು ಕಣ್ರಪ್ಪೋ, ಧಣಿಗೆ ಮಾತು ಬಂತು! ಮೊದಲಿಗಿಂತ ಚೆನ್ನಾಗಿ ಬಂದೈತೆ!"

೪. ಒಂದೇ ಕೆಲಸಕ್ಕೆ ಎರಡು ಆಳು

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಮುಂದಿನ ವಾರ ಬಾವ ನನ್ನನ್ನು ಜೀಪಿನಲ್ಲಿ, ಅವರ ತೋಟದ ದಾರಿಯಲ್ಲೇ ಇರುವ ನನ್ನ ಮನೆಗೆ ಬಿಡುತ್ತಿದ್ದರು. ಗಾಜಿನ ಮೇಲೆ ಮಂಜು ಕೂತಿತ್ತು. ಒರೆಸೋಕೆ ಬಟ್ಟೆ ಇದೆಯಾ ಅಂತ ಸೀಟಿನ ಮುಂದಿನ ಡಬ್ಬಿ ತೆಗೆದೆ. ಒಳಗೆ ಬಿ.ಪಿ. ಮಾತ್ರೆಯ ಪಟ್ಟಿಗಳು. ನಾನೇ ಎಣಿಸಿ ಕೊಟ್ಟಿದ್ದವು. ಮೊದಲ ಎರಡು ಮಾತ್ರೆ ಬಿಟ್ಟರೆ ಒಂದೂ ಕಡಿಮೆಯಾಗಿಲ್ಲ.

"ಬಾವ, ಇದೇನಿದು?"

"ಅದಾ? ಬೇರು ಬಂದ ದಿನಾನೇ ಬಿಟ್ಬುಟ್ಟೆ. ನೋಡೋ, ಒಂದೇ ಗಿಡದ ಬುಡಕ್ಕೆ ಇಬ್ಬರು ಆಳು ಬಿಟ್ರೆ ಏನಾಗ್ತದೆ? ಇವನು ಮಾಡ್ಲಿ ಅಂತ ಅವನು, ಅವನು ಮಾಡ್ಲಿ ಅಂತ ಇವನು, ಇಬ್ರೂ ಗುದ್ದಲಿ ಊರ್ಕೊಂಡು ಮಾತಾಡ್ತಾ ನಿಂತ್ಕೋತಾರೆ. ಹೊಟ್ಟೆ ಒಳಗೂ ಅಷ್ಟೇ. ಅದಕ್ಕೇ ಮಾತ್ರೆಗೆ ರಜಾ ಕೊಟ್ಟೆ."

ನನಗೆ ನಗು ಬರಲಿಲ್ಲ. ಬಿ.ಪಿ. ಮಾತ್ರೆ ಬಿಟ್ಟವರನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದನ್ನು ಕ್ಲಿನಿಕ್ಕಿನಲ್ಲಿ ನಾನು ನೋಡಿದ್ದೀನಿ. ಅವರ ಬಾಯಿ ಸೊಟ್ಟಗಾಗಿದ್ದು ಬೇರಿನ ಕಹಿಗಲ್ಲ. ನಾನು ಹೇಳಿದ ಒಂದು ಪಥ್ಯದ ಕಥೆಗೆ ಬಾವ ಮರುಳಾಗಿ ನಿಜವಾದ ಮದ್ದನ್ನು ಜೀಪಿನ ಡಬ್ಬಿಗೆ ತಳ್ಳಿದ್ದರು.

"ಬಾವ, ಆ ಪಥ್ಯ ಪೂರ್ತಿ ನನ್ನ ಸೃಷ್ಟಿ. ಅಕ್ಕನ ಕಿವಿಗೆ ರೆಸ್ಟ್ ಕೊಡೋಕೆ ಸುಳ್ಳು ಹೇಳಿದ್ದೆ. ದಮ್ಮಯ್ಯ, ಮಾತ್ರೆ ತಗೊಳ್ಳಿ."

ಬಾವ ಜೀಪು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. "ಲೋ, ಪಾಯಸಕ್ಕೆ ಮೆಣಸು ಹಾಕಿದೋನು ನೀನು. ಸಂತೇಲಿ ಜೀಪ್ ಕಳುವಾಗೈತೆ ಅಂತ ನನ್ನ ಬರೀ ಪಂಚೇಲಿ ಓಡಿಸಿದೋನು ನೀನು. ಈಗ ನಂಗೆ ಗುಣ ಆಗ್ತಾ ಐತೆ ಅಂತ ನೋಡಿ ಹೊಟ್ಟೆಕಿಚ್ಚಿಗೆ ಹೊಸ ಸುಳ್ಳು ಹೇಳ್ತೀಯಾ?"

"ಇಲ್ಲ ಬಾವ, ನಿಮ್ಮಾಣೆ. ಇದು ನಿಜ!"

"ನಿಜಾನಾ? ನಿನ್ ಬಾಯಲ್ಲಿ?" ಬಾವ ಗೇರು ಹಾಕಿದರು. "ಅದು ಕೊರಿಯಾದೋರ ಶಾಸ್ತ್ರ ಕಣೋ. ನಿಂಗೇನ್ ಗೊತ್ತು ಅದು!"

೫. ಅಕ್ಕನ ಕೈರುಚಿ

ನಾನು ಹೋಗಿ ಡಾಕ್ಟ್ರಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಬೈಗುಳ ಎಷ್ಟು ತಿಂದೆ ಅಂತ ಇಲ್ಲಿ ಬರೆಯೋದಿಲ್ಲ. ಎಲ್ಲ ತಿಂದ ಮೇಲೆ ಒಂದು ಉಪಾಯ ಹೇಳಿದೆ. "ಡಾಕ್ಟ್ರಮ್ಮ, ಮಾತ್ರೆ ನುಂಗಿದೋರಿಗೆ ಮಾತ್ರ ಬೇರು ಹತ್ತೋದು ಅಂತ ಇನ್ನೊಂದು ಸುಳ್ಳು ಹೇಳಿಬಿಡೋಣ."

"ಸುಳ್ಳಿಗೆ ಸುಳ್ಳು ಮದ್ದಲ್ಲ ಮಾರಾಯ್ರೆ. ನಾಳೆಯೇ ಕರೀರಿ ಅವರನ್ನ."

ಮರುದಿನ ಬಾವ ಗೆಲುವಾಗೇ ಬಂದರು. ಜೊತೆಗೆ ಅಕ್ಕ, ಅವಳ ಕೈಯಲ್ಲೊಂದು ಚೀಲ. ಪಟ್ಟಿ ಸುತ್ತಿ ನೋಡಿದರೆ ನೂರಾ ತೊಂಬತ್ತಕ್ಕೆ ಎರಡೇ ಕಮ್ಮಿ. ಮೊದಲಿಗಿಂತ ಜಾಸ್ತಿ!

"ಮಿಷನ್ ಕೆಟ್ಟೋಗೈತೆ" ಅಂದರು ಬಾವ.

"ಮಾತ್ರೆ ತಗೊಂಡ್ರಾ?"

ಬಾವ ಚಾವಣಿ ನೋಡಿದರು. ಆಮೇಲೆ ಬೇರಿನ ಕಥೆಯೆಲ್ಲ ಹೇಳಿದರು. ಡಾಕ್ಟ್ರಮ್ಮ ಸಮಾಧಾನವಾಗಿ ಕೇಳಿಕೊಂಡರು.

"ನೋಡಿ ಗೌಡ್ರೇ, ಜಿನ್ಸೆಂಗನ್ನ ನಾನು ಹೀಯಾಳಿಸೋದಿಲ್ಲ. ರಕ್ತನಾಳದ ಒಳಗೊಂದು ತೆಳ್ಳಗಿನ ಪದರ ಉಂಟು, ಅದು ನಾಳವನ್ನ ಸಡಿಲ ಬಿಡ್ತದೆ. ಆ ಕೆಲಸಕ್ಕೆ ಈ ಬೇರು ಸ್ವಲ್ಪ ಕೈ ಜೋಡಿಸಬಹುದು ಅಂತ ಹೇಳೋರಿದ್ದಾರೆ. ಏನೂ ಆಗ್ಲಿಲ್ಲ ಅನ್ನೋರೂ ಇದ್ದಾರೆ. ಕೆಲವರಿಗೆ ನಿದ್ದೆ ಕೆಡ್ತದೆ, ಬಿ.ಪಿ. ಏರೋದೂ ಉಂಟು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಂತೂ ಕೇಳದೆ ಮುಟ್ಟಲೇಬಾರದು. ಅದೇನೇ ಇದ್ರೂ ಅದು ಮಾತ್ರೆಯ ಜಾಗಕ್ಕೆ ಬರೋ ವಸ್ತು ಅಲ್ಲ." ಇಷ್ಟು ಹೇಳಿ ಹುಬ್ಬು ಗಂಟಿಕ್ಕಿದರು. "ಆದ್ರೂ ಒಂದು ಚೂರು ಬೇರಿಗೆ ಇಷ್ಟು ಏರ್ಲಿಕ್ಕಿಲ್ಲ. ಹೇಗೆ ತಿಂತೀರಿ ಅದನ್ನ?"

ಈ ಪ್ರಶ್ನೆಗೆ ಅಕ್ಕನ ಮುಖ ಅರಳಿತು. ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಳು. ಕೆಂಪಗೆ, ನಿಂಬೆರಸದಲ್ಲಿ ಈಜುತ್ತಾ, ಸಾಸಿವೆ ಹಚ್ಚಿಕೊಂಡು, ನಾಲ್ಕಾರು ಕೊರಿಯಾದ ಕಾಲುಗಳು.

"ನಿಮಗೂ ಇರ್ಲಿ ಅಂತ ಒಂದು ಬಾಟ್ಲಿ ತಂದೆ ಡಾಕ್ಟ್ರಮ್ಮ. ಹಂಗೇ ತಿನ್ನಕ್ಕೆ ಕಹಿ ಅಂತ ಇವ್ರು ದಿನಾ ಗೋಳಾಡೋರು. ನೋಡಿದ್ರೆ ನಮ್ಮ ಮಾಗಳಿ ಬೇರಿನ ಥರಾನೇ ಐತಲ್ಲ! ನೆನೆಹಾಕಿ, ಸೀಳಿ, ಉಪ್ಪಿನಕಾಯಿ ಹಾಕ್ಬುಟ್ಟೆ. ಆಮೇಲೆ ನೋಡಿ, ಎಷ್ಟು ಚೆನ್ನಾಗಿ ತಿಂತಾರೆ!"

ನಮ್ಮ ಕಡೆಯ ಹೆಂಗಸರ ಕೈಗೆ ಬೇರು ಅಂತ ಯಾವುದೇ ಸಿಕ್ಕರೂ ಅದು ಕೊನೆಗೆ ಸೇರೋದು ಜಾಡಿಯನ್ನೇ. ಕೊರಿಯಾದ್ದಾದರೇನು, ಕಾಡಿನದ್ದಾದರೇನು!

"ಉಪ್ಪು ಎಷ್ಟು ಹಾಕಿದ್ರಿ?" ಡಾಕ್ಟ್ರಮ್ಮನ ದನಿ ಸಣ್ಣಗಾಗಿತ್ತು.

"ಕೆಡಬಾರದಲ್ಲ, ಎರಡು ಬೊಗಸೆ ಧಾರಾಳವಾಗೇ ಹಾಕಿದ್ದೀನಿ."

"ದಿನಕ್ಕೆ ಎಷ್ಟು ತಿಂತಾರೆ?"

"ಮೂರೂ ಹೊತ್ತು. ರೊಟ್ಟಿಗೆ ಒಂದಿಷ್ಟು, ಅನ್ನಕ್ಕೆ ಒಂದಿಷ್ಟು. ಮದ್ದಲ್ವಾ, ಬೇಡ ಅನ್ನಕ್ಕಾಗ್ತದಾ? ರಸಾನೂ ವೇಸ್ಟ್ ಮಾಡಬಾರ್ದು ಅಂತ ಮಜ್ಜಿಗೆಗೆ ಹಾಕ್ಕೊಂಡು ಕುಡೀತಾರೆ."

ಡಾಕ್ಟ್ರಮ್ಮ ಒಂದು ನಿಮಿಷ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ ಬಾವನ ಫಾರಂ ಅನ್ನು ಒಂದು ಕಡೆ, ಬಾಟಲಿಯನ್ನು ಇನ್ನೊಂದು ಕಡೆ ಇಟ್ಟರು.

"ಗೌಡ್ರೇ, ಲೈಸೆನ್ಸ್ ಮುಗೀಲಿಕ್ಕೆ ಇನ್ನು ಎರಡು ವಾರದ ಮೇಲೆ ನಾಲ್ಕು ದಿನ ಉಂಟು. ಬೇರೂ ಬೇಡ, ಉಪ್ಪಿನಕಾಯಿಯೂ ಬೇಡ. ಮಾತ್ರೆ ಒಂದು ದಿನಾನೂ ತಪ್ಪಬಾರದು. ವಾರಕ್ಕೊಂದ್ಸಲ ಬಂದು ತೋರಿಸ್ಬೇಕು. ಇವತ್ತು ಹೇಳಿ, ಇದು ಬೇಕಾ, ಜೀಪ್ ಬೇಕಾ?"

ಬಾವ ಬಾಟಲಿ ನೋಡಿದರು. ಕಿಟಕಿಯಾಚೆ ನಿಂತಿದ್ದ ಜೀಪು ನೋಡಿದರು. ಮತ್ತೆ ಬಾಟಲಿ ನೋಡಿದರು. ಅಕ್ಕನಿಗೆ ಒಳಗೊಳಗೇ ಹೆಮ್ಮೆ. ಮದುವೆಯಾದ ಮೇಲೆ ಮೊದಲ ಸಲ ತನ್ನ ಕೈಯಡುಗೆಗೂ ಜೀಪಿಗೂ ನಡುವೆ ಗಂಡ ಯೋಚನೆಗೆ ಬಿದ್ದಿದ್ದ.

"...ಜೀಪು" ಅಂದರು ಬಾವ, ಉಗುಳು ನುಂಗಿಕೊಂಡು.

"ಸರಿ. ಮನೇಲಿ ಜಾಡಿ ಉಂಟಲ್ಲ, ಅದು ಇವರ ಕಣ್ಣಿಗೆ ಬೀಳಬಾರದು. ಕಾಂಪೌಂಡರೇ, ಈ ರಾಮಾಯಣಕ್ಕೆಲ್ಲ ನೀವೇ ಮೂಲ. ನೀವೇ ಹೋಗಿ ಅದನ್ನ ತಂದು ವಿಲೇವಾರಿ ಮಾಡಿ."

ಅದೇ ಸಂಜೆ ಹೋಗಿ ಜಾಡಿ ತಂದೆ. ಬಹಳ ನಿಷ್ಠೆಯಿಂದ ವಿಲೇವಾರಿ ಮಾಡಿದೆ.

೬. ಸಹಿ

ಕೊನೆಯ ದಿನ ಬಂತು. ಬಾವ ಮಾತ್ರೆ ತಪ್ಪಿಸಿರಲಿಲ್ಲ. ಅಕ್ಕ ಎದುರಿಗೆ ನಿಂತು ನುಂಗಿಸುತ್ತಿದ್ದಳು, ನುಂಗಿದ ಮೇಲೆ ಬಾಯಿ ತೆಗೆಸಿ ನಾಲಿಗೆ ಎತ್ತಿಸಿಯೂ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ತೋಟದ ಏರು ಹತ್ತಿ ಇಳಿಯುತ್ತಿದ್ದರು. ವಾರದ ತಪಾಸಣೆಯಲ್ಲಿ ಮುಳ್ಳು ಕೆಳಗಿಳಿಯುತ್ತಾ ಬಂದಿತ್ತು. ಆದರೂ ಆ ಬೆಳಿಗ್ಗೆ ಬಾವ ಜೀಪಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಅದನ್ನು ಜೇಬಿಗೆ ಹಾಕಿ, ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ ಅಂದರು ಡಾಕ್ಟ್ರಮ್ಮ. ಕೂತರು. ನನ್ನ ಮೇಲೆ ನಂಬಿಕೆಯಿಲ್ಲ ಅಂತ ಈ ಸಲ ಪಟ್ಟಿಯನ್ನೂ ಡಾಕ್ಟ್ರಮ್ಮನೇ ಸುತ್ತಿದರು.

"ನೂರಾ ಮೂವತ್ತಾರಕ್ಕೆ ಎಂಬತ್ತಾರು" ಅಂದರು. "ಬಹಳ ಚೆನ್ನಾಗಿ ಇಳಿದಿದೆ ಗೌಡ್ರೇ! ಮಾತ್ರೆ ಮಾತ್ರ ಬಿಡ್ಬೇಡಿ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಮನಸ್ಸು ಹಗುರಾಯಿತು. ಬಾವ ಮಾತ್ರ ಹಿಗ್ಗಲಿಲ್ಲ. ಅನುಮಾನದಿಂದ ನನ್ನನ್ನೇ ನೋಡಿದರು.

"ಇಲ್ಲ ಡಾಕ್ಟ್ರಮ್ಮ. ಇದರಲ್ಲೇನೋ ಐತೆ. ಇವನು ಮಿಷನ್‌ಗೆ ಏನೋ ಮಾಡ್ಬುಟ್ಟವ್ನೆ. ಇವನು ಇರೋ ರೂಮಲ್ಲಿ ನಿಜ ನಡೆಯಲ್ಲ."

"ಬಾವ, ದೇವರಾಣೆ, ನಾನು ಮುಟ್ಟೇ ಇಲ್ಲ!"

"ಹಂಗಾದ್ರೆ ನಿನಗೇ ಕಟ್ಟಿ ನೋಡ್ಲಿ. ನೀನು ಗಟ್ಟಿಮುಟ್ಟಾಗಿದೀಯ. ನಿಂದು ಸರಿಯಾಗಿ ತೋರಿಸಿದ್ರೆ ಮಿಷನ್ ಸರಿ ಐತೆ ಅಂತ ಒಪ್ತೀನಿ."

"ನನಗ್ಯಾಕೆ ಬಿಡಿ ಬಾವ, ಹೊರಗೆ ಪೇಷೆಂಟು ಕಾಯ್ತಾ..." ಅನ್ನುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದು ಕೂರಿಸಿಬಿಟ್ಟಳು. ಇಪ್ಪತ್ತು ವರ್ಷ ಊರಿನವರಿಗೆಲ್ಲ ಸುತ್ತಿದ ಪಟ್ಟಿ ಮೊದಲ ಸಲ ನನ್ನ ತೋಳು ಹಿಸುಕಿತು. ಡಾಕ್ಟ್ರಮ್ಮ ನೋಡಿದರು. ಗಾಳಿ ಬಿಟ್ಟು ಇನ್ನೊಮ್ಮೆ ನೋಡಿದರು. ಆಚೆ ತೋಳಿಗೆ ಕಟ್ಟಿ ಮತ್ತೊಮ್ಮೆ ನೋಡಿದರು.

"ನೂರಾ ಎಂಬತ್ತು."

"ನೋಡಿದ್ರಾ! ಮಿಷನ್ ಕೆಟ್ಟೈತೆ!" ಅಂತ ಬಾವ ಎದ್ದು ನಿಂತರು.

"ಮಿಷನ್ ಸರಿ ಉಂಟು" ಅಂದರು ಡಾಕ್ಟ್ರಮ್ಮ, ನನ್ನ ಮುಖದಿಂದ ಕಣ್ಣು ತೆಗೆಯದೆ. "ಕಾಂಪೌಂಡರೇ, ಆ ಜಾಡಿ ಎಂತ ಮಾಡಿದ್ರಿ?"

"ವಿಲೇವಾರಿ..."

"ಎಲ್ಲಿಗೆ?"

ನಾನು ಚಾವಣಿ ನೋಡಿದೆ. ಏನು ಮಾಡಲಿ ಸ್ವಾಮಿ? ಚೆಲ್ಲೋಕಂತಲೇ ಮುಚ್ಚಳ ತೆಗೆದಿದ್ದೆ. ಆ ನಿಂಬೆ, ಆ ಸಾಸಿವೆ, ಅಕ್ಕನ ಕೈ! ರುಚಿ ಎಷ್ಟಿದೆ ನೋಡಿಬಿಟ್ಟು ಚೆಲ್ಲೋಣ ಅಂದುಕೊಂಡೆ. ನೋಡಿ ಮುಗಿಯೋಕೆ ಹದಿನಾಲ್ಕು ದಿನ ಹಿಡಿಯಿತು.

ನನ್ನ ಪರವಾಗಿ ಅಕ್ಕ ಉತ್ತರ ಕೊಟ್ಟಳು. "ಖಾಲಿ ಜಾಡಿ ಮೊನ್ನೆ ವಾಪಸ್ ತಂದುಕೊಟ್ಟ ಡಾಕ್ಟ್ರಮ್ಮ. ತೊಳೆಯೋ ಕೆಲಸಾನೂ ಇರ್ಲಿಲ್ಲ."

ಬಾವ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲೆ ಗುದ್ದಿ, ಹೊರಗಿದ್ದ ಪೇಷೆಂಟುಗಳೆಲ್ಲ ಇಣುಕಿ ನೋಡುವ ಹಾಗೆ. ಪಾಯಸದಿಂದ ಹಿಡಿದು ಪಥ್ಯದವರೆಗಿನ ಎಲ್ಲದಕ್ಕೂ ಒಂದೇ ಏಟಿಗೆ ಬಡ್ಡಿ ಸಮೇತ ನಕ್ಕರು.

ಡಾಕ್ಟ್ರಮ್ಮ ಪೆನ್ನಿನ ಕ್ಯಾಪು ತೆಗೆದರು. ಬಾವನ ಫಾರಂ ಮೇಲೆ ಸಹಿ ಬಿತ್ತು, ಸೀಲು ಬಿತ್ತು. ಬಾವ ಅದನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡರು. ಆಗ ಅದರ ಕೆಳಗೆ ಇನ್ನೊಂದು ಫಾರಂ ಕಾಣಿಸಿತು.

ಅದನ್ನು ನಾನೇ ಬೆಳಿಗ್ಗೆ ಅಲ್ಲಿ ಸೇರಿಸಿ ಇಟ್ಟಿದ್ದೆ. ನನ್ನ ಸ್ಕೂಟರ್ ಲೈಸೆನ್ಸೂ ಅದೇ ವಾರ ಮುಗಿಯುತ್ತಿತ್ತು. ಖುಷಿಯಲ್ಲಿ ಒಂದಕ್ಕೆ ಸಹಿ ಹಾಕಿದ ಕೈ, ಅದೇ ಓಟದಲ್ಲಿ ಇನ್ನೊಂದಕ್ಕೂ ಹಾಕಿಬಿಡುತ್ತದೆ ಅನ್ನೋದು ನನ್ನ ಲೆಕ್ಕಾಚಾರ.

ಡಾಕ್ಟ್ರಮ್ಮ ಅದರ ಮೇಲಿನ ಹೆಸರು ಓದಿದರು. ಪೆನ್ನಿಗೆ ಕ್ಯಾಪು ಹಾಕಿದರು. ಫಾರಂ ಅನ್ನು ಮಡಚಿ ಡ್ರಾಯರಿನೊಳಗೆ ಇಟ್ಟು ಕೀಲಿ ತಿರುಗಿಸಿದರು.

"ದಿನಾ ಒಂದು ಮಾತ್ರೆ, ಉಪ್ಪು ಕಮ್ಮಿ, ಸ್ವಲ್ಪ ನಡಿಗೆ" ಅಂದರು. "ತಿಂಗಳು ಬಿಟ್ಟು ನೋಡುವಾ."

ಹೀಗಾಗಿ ಈಗ ನನ್ನ ಸ್ಕೂಟರು ಮನೆಯ ಹಿತ್ತಲಲ್ಲಿ ಕೋಳಿಗಳಿಗೆ ಮಂಚವಾಗಿದೆ. ತೋಟದ ಕೆಲಸಕ್ಕೆ ಆಲೂರಿಗೆ ಬರುವ ದಿನಗಳಲ್ಲಿ ಬಾವ ನನ್ನನ್ನೂ ಹತ್ತಿಸಿಕೊಳ್ಳುತ್ತಾರೆ. ಮುಂದಿನ ಸೀಟು ಅಕ್ಕನಿಗೆ, ನನಗೆ ಹಿಂದೆ, ಗೊಬ್ಬರದ ಚೀಲದ ಮೇಲೆ. ದಾರಿಯುದ್ದಕ್ಕೂ, "ಏನ್ಲಾ ಬಾಮೈದ, ಉಪ್ಪಿನಕಾಯಿ ಏನಾದ್ರೂ ಬೇಕಿತ್ತಾ?" ಅಂತ ಕೇಳುತ್ತಾರೆ. ಊರ ಹೊರಗಿನ ತಿರುವಿನಲ್ಲಿ ಒಂದು ಸಲ, ಬಸ್ ಸ್ಟ್ಯಾಂಡಿನ ಹತ್ತಿರ ಜನ ಜಾಸ್ತಿ ಇದ್ದರೆ ಎರಡು ಸಲ.

ಅಗೋ, ಹಾರ್ನ್ ಕೇಳಿಸ್ತಾ? ಅವರೇ. ಎರಡನೇ ಹಾರ್ನಿಗೆ ನಾನು ಹತ್ತದಿದ್ದರೆ ಬಿಟ್ಟು ಹೊರಟುಹೋಗ್ತಾರೆ, ಆಮೇಲೆ ನಾನು ಡಾಕ್ಟ್ರಮ್ಮ ಹೇಳಿದ ನಡಿಗೆಯನ್ನ ಮನೆವರೆಗೆ ಹದಿನೈದು ಕಿಲೋಮೀಟರು ಒಂದೇ ಸಲಕ್ಕೆ ಮುಗಿಸಬೇಕಾಗ್ತದೆ. ಬರ್ತೀನಿ ಸ್ವಾಮಿ. ಇಷ್ಟು ಹೊತ್ತು ನಕ್ಕಿರಲ್ಲ, ಕಥೆ ಕೇಳಿ ನಕ್ಕವರೇ ಹೇಳಿದವನ ಟೀ ದುಡ್ಡು ಕೊಡೋದು ನಮ್ಮ ಆಲೂರಿನ ಪುರಾತನ ಪದ್ಧತಿ. ಸುಳ್ಳು, ಈಗ ತಾನೇ ಶುರುವಾಯಿತು. ಆದರೂ ಕೊಟ್ಟುಬಿಡಿ.